‘ಗ್ಯಾಸ್ಟ್ರಿಕ್’ ಅಂದರೆ ಹೊಟ್ಟೆಯೋ, ಕಾಯಿಲೆಯೋ?

ಎಲ್ಲರಿಗೂ ನಮಸ್ಕಾರ. ಹೊಟ್ಟೆಯ ಒಳರಚನೆ ಬಗ್ಗೆ ನಾಲ್ಕು ಪುಟದ ಕೈಪಿಡಿ ಬರೆಯುತ್ತಿದ್ದೇನೆ. ಓದುವವರು ಡಾಕ್ಟರುಗಳಲ್ಲ, ಮನೆಮಂದಿ. ಗ್ಯಾಸ್ಟ್ರಿಕ್, ಪರೈಟಲ್ ಸೆಲ್ ಎಂಬ ಎರಡು ಪದಗಳಿಗೆ ಕನ್ನಡ ಹುಡುಕುತ್ತಾ ಸಿಕ್ಕಿಹಾಕಿಕೊಂಡಿದ್ದೇನೆ.

ಮೊನ್ನೆ ಹನುಮಂತನಗರದಲ್ಲಿ ನಮ್ಮ ದೊಡ್ಡಮ್ಮನಿಗೆ ಕರಡು ಓದಿ ಹೇಳಿದೆ. ‘ಎಡ ಗ್ಯಾಸ್ಟ್ರಿಕ್ ರಕ್ತನಾಳ’ ಅಂದಿದ್ದೇ ತಡ, ಬಿಡಿಸುತ್ತಿದ್ದ ಅವರೇಕಾಯಿ ಪಕ್ಕಕ್ಕಿಟ್ಟು, "ಓ, ಗ್ಯಾಸ್ಟ್ರಿಕ್ ಆಗೋದು ಇದರಿಂದಾನಾ? ನಂಗೂ ಎಡಗಡೆನೇ ಹಿಡ್ಕೊಳ್ಳೋದು ಕಣೋ" ಅಂದರು. ತಪ್ಪು ಅವರದಲ್ಲ. ಬೆಂಗಳೂರಿನಲ್ಲಿ ಗ್ಯಾಸ್ಟ್ರಿಕ್ ಅನ್ನೋದೇ ಒಂದು ಕಾಯಿಲೆ. ಹುಳಿತೇಗು, ಎದೆಯುರಿ, ಹೊಟ್ಟೆಯುಬ್ಬರ ಎಲ್ಲಾ ಅದರೊಳಗೇ ಬಂತು. ಗ್ರೀಕ್ ಮೂಲದಲ್ಲಿ ಅದಕ್ಕೆ ಹೊಟ್ಟೆ ಅಂತಷ್ಟೇ ಅರ್ಥ, ಗ್ಯಾಸಿಗೂ ಅದಕ್ಕೂ ನಂಟಿಲ್ಲ. ಗ್ಯಾಸ್ ಎಂಬ ಪದ 17ನೇ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಎಂಬ ರಸಾಯನ ವಿಜ್ಞಾನಿ ಕಟ್ಟಿದ್ದು.

ಹಾಗಂತ ‘ಹೊಟ್ಟೆಯ ರಕ್ತನಾಳ’ ಅನ್ನೋಣವೇ? ಹೊಟ್ಟೆ ತೀರಾ ದೊಡ್ಡದು. ಎದೆಗೂಡಿನ ಕೆಳಗಿನದೆಲ್ಲಾ ಹೊಟ್ಟೆಯೇ. ಕರುಳೂ ಅದೇ, ಬಸಿರೂ ಅದೇ. ಹೊಟ್ಟೆಯುರಿ ಅಂದರೆ ಪಕ್ಕದ ಮನೆಯವರ ಹೊಸ ಕಾರು ನೆನಪಾಗುತ್ತದೆ! ಜಠರಕ್ಕೆ ಸಂಸ್ಕೃತದಲ್ಲಿ ಗರ್ಭ ಅಂತಲೂ ಅರ್ಥವಿದೆ, ಆದರೆ ಶಾಲೆಯ ಪಾಠದಿಂದ ಅದು ಈ ಒಂದು ಅಂಗಕ್ಕೇ ನಿಂತಿದೆ. ಹಾಗಾಗಿ ‘ಜಠರದ ಎಡ ರಕ್ತನಾಳ’ ಅಂತ ಬರೆದೆ. ಮಹಾಧಮನಿಯಿಂದ ಸೀಲಿಯಾಕ್ ಎಂಬ ಗಿಡ್ಡ ಕವಲು ಹೊರಡುತ್ತದೆ, ಅದರಿಂದ ಇದು ಒಡೆಯುತ್ತದೆ. ಇಷ್ಟಕ್ಕೆ ದೊಡ್ಡಮ್ಮನೂ ಒಪ್ಪಿದರು.

ನಿಜವಾದ ತಲೆನೋವು ಪರೈಟಲ್ ಸೆಲ್. ಜಠರದ ಒಳಪದರದಲ್ಲಿ ಕೊಳವೆಯಂಥ ಸಣ್ಣ ಗ್ರಂಥಿಗಳಿವೆ. ಅವುಗಳ ಗೋಡೆಗೆ ಒತ್ತಿಕೊಂಡು ಕೂತ ಕೋಶಗಳಿವು. ಪರೈಟಲ್ ಅಂದರೆ ಗೋಡೆಯದು, ಅದಕ್ಕೇ ಆ ಹೆಸರು. ಹೈಡ್ರೋಕ್ಲೋರಿಕ್ ಆಮ್ಲ ಸುರಿಸುವುದು ಇವೇ. ಪಕ್ಕದ ಚೀಫ್ ಸೆಲ್‌ಗಳು ಪೆಪ್ಸಿನೋಜೆನ್ ಬಿಡುತ್ತವೆ, ಈ ಆಮ್ಲ ತಗುಲಿದ ಮೇಲೆಯೇ ಅದು ಪೆಪ್ಸಿನ್ ಆಗಿ ಪ್ರೋಟೀನನ್ನು ಕತ್ತರಿಸತೊಡಗುತ್ತದೆ.

‘ಭಿತ್ತಿಕೋಶ’ ಅಂತ ಬರೆದು ನೋಡಿದೆ. ಭಿತ್ತಿ ಅಂದರೆ ನನಗೆ ಗೋಡೆಗೆ ಅಂಟಿಸಿದ ಭಿತ್ತಿಪತ್ರವೇ ಕಣ್ಣಿಗೆ ಬರುತ್ತದೆ. ಕೋಶದ್ದು ಇನ್ನೊಂದು ಗೋಳು. ಶ್ವಾಸಕೋಶ, ಗರ್ಭಕೋಶ, ಮೂತ್ರಕೋಶ ಎಲ್ಲಾ ಇಡೀ ಅಂಗಗಳಲ್ವಾ? ಭಿತ್ತಿಕೋಶವನ್ನೂ ಅದೇ ಸಾಲಿಗೆ ಸೇರಿಸಿಬಿಡುತ್ತಾರೆ. ‘ಹುಳಿಕಣ’ ಬಾಯಿಗೆ ಚೆನ್ನಾಗಿದೆ, ಹುಳಿತೇಗಿನ ಜೊತೆ ಹೊಂದುತ್ತದೆ. ಆದರೆ ಇದೇ ಕೋಶ ಇಂಟ್ರಿನ್ಸಿಕ್ ಫ್ಯಾಕ್ಟರ್ ಎಂಬ ಪ್ರೋಟೀನನ್ನೂ ಬಿಡುತ್ತದೆ. ಅದಿಲ್ಲದಿದ್ದರೆ ಸಣ್ಣಕರುಳಿನ ಕೊನೆಯಲ್ಲಿ ಬಿ12 ವಿಟಮಿನ್ ಸರಿಯಾಗಿ ಮೈಗೆ ಹತ್ತುವುದಿಲ್ಲ. ಹುಳಿಕಣ ಅಂದರೆ ಈ ಅರ್ಧ ಕೆಲಸ ಮರೆಯಾಗುತ್ತದೆ.

ಸದ್ಯಕ್ಕೆ ‘ಗೋಡೆಕಣ’ ಅಂತ ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದೇನೆ. ಸುಮ್ನೆ ಪರೈಟಲ್ ಸೆಲ್ ಅಂತಲೇ ಬಿಡಲೋ? ಪಾಠ ಹೇಳುವವರು, ಲ್ಯಾಬಿನಲ್ಲಿರುವವರು ಬಾಯಿಮಾತಿನಲ್ಲಿ ಏನಂತೀರಿ, ತಿಳಿಸಿ.