ವೆಲಿಗಾಮದ ಸರ್ಫ್ ಕ್ಯಾಂಪ್‌ಗೆ ಹೋಗಿಬಂದವರು ಯಾರಾದ್ರೂ ಇದ್ದೀರಾ?

ಕೇಳಿದವರು, ಮೈಸೂರು:
ನನಗೆ 43, ಮಗಳಿಗೆ 19. ಡಿಸೆಂಬರ್ ರಜೆಗೆ ಶ್ರೀಲಂಕಾದ ವೆಲಿಗಾಮದಲ್ಲಿ ಏಳು ರಾತ್ರಿಯ ಸರ್ಫ್ ಕ್ಯಾಂಪ್ ಒಂದನ್ನ ನೋಡಿಟ್ಟಿದ್ದೀವಿ, ಬೋರ್ಡ್ ಮೇಲೆ ನಿಂತು ಅಲೆ ಸವಾರಿ ಮಾಡೋದನ್ನ ಕಲಿಸ್ತಾರೆ. ರೂಮು, ಊಟ, ಬೋರ್ಡು, ಪಾಠ, ಯೋಗ ಎಲ್ಲಾ ಸೇರಿ ಒಂದೇ ದುಡ್ಡು ಅಂತಾರೆ. ನಾನು ಈಜುಕೊಳದಲ್ಲಿ ಎರಡು ಸುತ್ತು ಹಾಕ್ತೀನಿ ಅಷ್ಟೇ, ಸಮುದ್ರದಲ್ಲಿ ಮೊಣಕಾಲು ದಾಟಿದವಳಲ್ಲ. ಇಬ್ಬರೂ ಸಸ್ಯಾಹಾರಿಗಳು. ಮನೇಲಿ "ಈ ವಯಸ್ಸಲ್ಲಿ ಸೊಂಟ ಮುರ್ಕೊಂಡು ಬರ್ತೀಯ" ಅಂತಿದ್ದಾರೆ. ಮುಂಗಡ ಕಟ್ಟಬಹುದಾ?

ಬೆಂಗಳೂರಿನಿಂದ:
ಕಟ್ಟಿ. ನಾನು ಹೋದಾಗ ನನಗೆ 39, ಸೊಂಟ ಈಗಲೂ ಇದೆ. ಹೋದದ್ದು ಭುಜ.

ತಿಂಗಳು ಸರಿಯಾಗೇ ಆರಿಸಿದ್ದೀರಿ. ಆ ದಕ್ಷಿಣ ಕರಾವಳಿಗೆ ನವೆಂಬರ್‌ನಿಂದ ಏಪ್ರಿಲ್ ಒಳ್ಳೇ ಕಾಲ. ನೈರುತ್ಯ ಮುಂಗಾರು ಶುರುವಾದ ಮೇಲೆ ಅಲ್ಲಿ ಕಡಲು ಕೆಡುತ್ತೆ, ಸರ್ಫ್ ಮಾಡೋರೆಲ್ಲ ಪೂರ್ವ ಕರಾವಳಿಯ ಅರುಗಂ ಬೇ ಕಡೆ ಗಂಟುಮೂಟೆ ಕಟ್ತಾರೆ. ಜಾಗವೂ ಸರಿ. ವೆಲಿಗಾಮ ಅಂದ್ರೆ ಅಗಲವಾದ ಕೊಲ್ಲಿ, ತಳದಲ್ಲಿ ಮರಳು. ಬಿದ್ರೆ ಮರಳ ಮೇಲೇ ಬೀಳ್ತೀರಿ. ನಾಲ್ಕೈದು ಕಿಲೋಮೀಟರ್ ಆಚೆ ಮಿಡಿಗಾಮದಲ್ಲಿ ಅಲೆ ಚೆಂದ, ಆದ್ರೆ ಕೆಳಗೆ ಬಂಡೆ. ಮೂರನೇ ದಿನಕ್ಕೇ ಮಗಳು "ಅಲ್ಲಿಗೆ ಹೋಗೋಣಮ್ಮ" ಅಂದ್ರೆ ಒಪ್ಪಬೇಡಿ.

ವಾರ ಹೇಗಿರುತ್ತೆ ಅಂದ್ರೆ, ಮೊದಲ ದಿನ ದಡದಲ್ಲೇ ಬೋರ್ಡ್ ಮೇಲೆ ಬೋರಲು ಮಲಗಿ, ಕೈಯೂರಿ, ಒಂದೇ ಸಲಕ್ಕೆ ಎದ್ದು ನಿಲ್ಲೋ ಅಭ್ಯಾಸ. ನೋಡೋರಿಗೆ ತಮಾಷೆ. ಆಮೇಲೆ ಸೊಂಟದ ಮಟ್ಟದ ನೀರಲ್ಲಿ, ಒಡೆದು ಬರೋ ಬಿಳಿ ನೊರೆಯ ಅಲೆಗಳಲ್ಲಿ. ಹಿಂದಿನಿಂದ ಹೇಳಿಕೊಡೋ ಹುಡುಗ ಬೋರ್ಡನ್ನ ತಳ್ಳಿ "ಅಪ್! ಅಪ್!" ಅಂತ ಕೂಗ್ತಾನೆ. ನಾನು ಹನ್ನೊಂದು ಸಲ ಬಿದ್ದು ಹನ್ನೆರಡನೇ ಸಲ ನಿಂತೆ, ಮೂರು ಸೆಕೆಂಡ್ ಇರಬಹುದು. ಆ ಮೂರು ಸೆಕೆಂಡಿಗೆ ಎರಡು ದಿನ ಎಲ್ಲರ ತಲೆ ತಿಂದೆ. ಮೂರನೇ ದಿನ ಬೆಳಿಗ್ಗೆ ಬನಿಯನ್ ತೆಗೆಯೋಕೆ ಕೈ ಮೇಲೇಳಲಿಲ್ಲ. ಸರ್ಫಿಂಗ್ ಅಂದ್ರೆ ನಿಲ್ಲೋದು ಅಂದ್ಕೊಂಡಿದ್ದೆ. ಮುಕ್ಕಾಲು ಪಾಲು ಮಲಗಿ ಕೈಯಲ್ಲಿ ನೀರು ಹಿಂದಕ್ಕೆ ತಳ್ಳೋದೇ. ಆ ದಿನ ಒಂದು ಪಾಠ ಬಿಟ್ಟು ಗಾಲೆ ಕೋಟೆ ನೋಡ್ಕೊಂಡು ಬಂದೆ, ಒಳ್ಳೇದೇ ಆಯ್ತು. ಐದನೇ ದಿನ ಒಡೆಯದ ಅಲೆಯ ಹತ್ರ ಕರ್ಕೊಂಡು ಹೋದ್ರು. ಸಿಕ್ಕಿದ್ದು ಒಂದೇ ಒಂದು.

ಈಗಿನಿಂದಲೇ ದಿನಾ ಸೂರ್ಯನಮಸ್ಕಾರ, ಭುಜಂಗಾಸನ, ಶಲಭಾಸನ ಮಾಡಿ. ಮೈಸೂರಿನವರಿಗೆ ಇದನ್ನ ನಾನು ಹೇಳಬೇಕಾ! ಉದ್ದ ತೋಳಿನ ರ‍್ಯಾಶ್ ಗಾರ್ಡ್ (ಮೈಗಂಟೋ ಈಜು ಅಂಗಿ), ಮೊಣಕಾಲು ಮುಚ್ಚೋ ಲೆಗ್ಗಿಂಗ್ಸ್ ಒಯ್ಯಿರಿ, ಇಲ್ಲಾಂದ್ರೆ ಬೋರ್ಡ್ ಉಜ್ಜಿ ಉಜ್ಜಿ ಪಕ್ಕೆಲುಬು, ಮಂಡಿ ಎರಡೂ ಕೆಂಪಾಗುತ್ತೆ. ಮುಖಕ್ಕೆ ಬೆಳ್ಳಗೆ ಕಾಣೋ ಜಿಂಕ್ ಸನ್‌ಸ್ಕ್ರೀನ್. ಹೌದು, ಯಕ್ಷಗಾನದ ವೇಷ ಥರ ಕಾಣ್ತೀರಿ.

ಹುಬ್ಬಳ್ಳಿಯಿಂದ:
"ಎಲ್ಲಾ ಸೇರಿ" ಅನ್ನೋದನ್ನ ಒಂದ್ ಸಲ ಬಿಡಿಸಿ ಕೇಳ್ರಿ ಅಕ್ಕಾರ. ನಾವು ನಾಲ್ಕ್ ಮಂದಿ ದೋಸ್ತರು ಹೋಗಿದ್ವಿ, ಕ್ಯಾಂಪಿನ ಹೆಸರು ಬ್ಯಾಡ. ಊಟ ಅಂದ್ರ ನಾಷ್ಟಾ ಮತ್ತ ರಾತ್ರಿ ಊಟ ಅಷ್ಟ, ಮಧ್ಯಾಹ್ನ ನಿಮ್ಮ ದಾರಿ ನಿಮಗ. ಬೋರ್ಡು ಪಾಠದ ಹೊತ್ತಿಗಷ್ಟ. ಸಂಜೀಕ ನಾವ ಆಡತೇವಿ ಅಂದ್ರ ತಾಸಿನ ಲೆಕ್ಕ. ವಿಮಾನ ನಿಲ್ದಾಣದಿಂದ ಕಾರು ಬ್ಯಾರೆ. ಆ ನಿಲ್ದಾಣ ಇರೋ ಕಟುನಾಯಕದಿಂದ ಎಕ್ಸ್‌ಪ್ರೆಸ್‌ವೇ ಮ್ಯಾಲ ಹೋದ್ರೂ ಎರಡೂವರಿ ತಾಸು, ಸಣ್ಣ ರೊಕ್ಕ ಅಲ್ಲ ಅದು. ವಾಪಸ್ ಹೊರಡೂ ಹಿಂದಿನ ದಿನ ಬೋರ್ಡಿಗೆ ಬಿದ್ದ ಬಿರುಕು ತೋರಿಸಿ ಅದಕ್ಕೂ ಬಿಲ್ ಕೊಟ್ರು. ಅದು ಮೊದಲ ಇತ್ತು ಅಂತ ನಾವು, ಇರಲಿಲ್ಲ ಅಂತ ಅವರು. ಬೋರ್ಡು ಕೈಗೆ ಕೊಟ್ಟಾಗನ ಎರಡೂ ಕಡೆ ಫೋಟೋ ಹೊಡಕೋರಿ.

ಮತ್ತ ಇನ್ಶೂರೆನ್ಸ್. ನಮ್ಮ ಪಾಲಿಸಿಯೊಳಗ ಸಾಹಸ ಕ್ರೀಡೆಗೆ ರೊಕ್ಕ ಕೊಡಂಗಿಲ್ಲ ಅಂತ ಸಣ್ಣ ಅಕ್ಷರದಾಗ ಬರದಿತ್ತು. ಗೆಳೆಯಾಗ ಬೋರ್ಡಿನ ಫಿನ್ (ತಳದಾಗಿನ ರೆಕ್ಕಿ) ಬಡದು ಮೀನಖಂಡಕ್ಕ ಆರು ಹೊಲಿಗಿ ಬಿದ್ದ ಮ್ಯಾಲೆ ಅದನ್ನ ಓದಿದ್ವಿ.

ಹುಣ್ಣಿಮಿ ದಿನ ಅಲ್ಲೆ ಪೋಯಾ ಅಂತ ರಜಾ ಇರತೈತಿ, ಎಣ್ಣಿ ಮಾರಂಗಿಲ್ಲ. ನಿಮಗಲ್ಲ, ಓದೋ ಬ್ಯಾರೆಯವರಿಗೆ ಹೇಳೇನಿ.

ಮಂಗಳೂರಿನಿಂದ:
ಅಷ್ಟು ದೂರ ಹಾರುವ ಮೊದಲು ಒಂದು ಶನಿವಾರ-ಭಾನುವಾರ ಮೂಲ್ಕಿಗೆ ಬನ್ನಿ ಮಾರಾಯ್ರೆ. ಮಂಗಳೂರಿನಿಂದ ಮೂವತ್ತು ಕಿಲೋಮೀಟರ್ ಅಷ್ಟೆ. ನಮ್ಮ ದೇಶದಲ್ಲಿ ಸರ್ಫಿಂಗ್ ಬೇರು ಬಿಟ್ಟ ಊರೇ ಅದು. ಅಲ್ಲಿಯ ಮಂತ್ರ ಸರ್ಫ್ ಕ್ಲಬ್ ಶುರುವಾದದ್ದು 2004ರಲ್ಲಿ, ಅಲೆಯ ಹುಚ್ಚಿದ್ದ ಅಮೆರಿಕದ ಸ್ವಾಮೀಜಿಯೊಬ್ಬರಿಂದ. ಆಶ್ರಮ ಆದ ಕಾರಣ ಊಟವೂ ಸಸ್ಯಾಹಾರವೇ. ಪಕ್ಕದ ಸಸಿಹಿತ್ಲುವಿನಲ್ಲಿ 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆಯೂ ಆಗಿತ್ತು. ಮಳೆಗಾಲದಲ್ಲಿ ಮಾತ್ರ ಬರಬೇಡಿ, ಅಕ್ಟೋಬರ್ ಆಗಲಿ. ಎರಡು ದಿನ ಉಪ್ಪುನೀರು ಕುಡಿದರೆ ಏಳು ದಿನದ್ದು ನಿಮಗೆ ಬೇಕಾ ಬೇಡವಾ ಅಂತ ಗೊತ್ತಾಗ್ತದೆ. ನನ್ನ ಚಿಕ್ಕಮ್ಮನಿಗೆ ಒಂದೇ ದಿನದಲ್ಲಿ ಬೇಡ ಅಂತ ಗೊತ್ತಾಯಿತು, ಎಷ್ಟು ದುಡ್ಡು ಉಳಿಯಿತು ನೋಡಿ!

ವೆಲಿಗಾಮದಲ್ಲಿ ಸಸ್ಯಾಹಾರಿಗಳಿಗೆ ಉಪವಾಸ ಅಂತ ಏನಿಲ್ಲ. ಅಲ್ಲಿಯ ಪೊಲೊಸ್ ಅಂದರೆ ನಮ್ಮ ಗುಜ್ಜೆ (ಎಳೆ ಹಲಸು) ಗಸಿಯ ತಂಗಿ. ಗೊಟುಕೊಳ ಅಂದರೆ ಒಂದೆಲಗ, ತಂಬುಳಿ ಮಾಡುವುದಿಲ್ಲ, ತೆಂಗಿನತುರಿ ಹಾಕಿ ಕಲಸ್ತಾರೆ. ಪರಿಪ್ಪು ಅಂದರೆ ತೆಂಗಿನಹಾಲಿನ ತೊವ್ವೆ. ಇಂಡಿಯಾಪ್ಪ ನೋಡಿದರೆ ಒತ್ತುಶ್ಯಾವಿಗೆ ಅಂತ ನೀವೇ ಹೇಳ್ತೀರಿ. ಆದರೆ ಒಂದು ಮಾತು ಬಾಯಿಪಾಠ ಮಾಡಿಕೊಳ್ಳಿ: ಉಂಬಲಕಡ. ಒಣಗಿಸಿದ ಮೀನಿನ ಚೂರು ಅದು. ಕಾಯಿಚಟ್ನಿಯ ಹಾಗೆ ಕಾಣುವ ಪೊಲ್ ಸಂಬೊಲ್‌ಗೆ, ಕೆಲವು ಕಡೆ ತರಕಾರಿ ಪಲ್ಯಕ್ಕೂ ಹಾಕ್ತಾರೆ. "ವೆಜಿಟೇರಿಯನ್" ಅಂದರೆ ಸಾಕಾಗುವುದಿಲ್ಲ, "ಉಂಬಲಕಡ ಬೇಡ" ಅಂತಲೇ ಹೇಳಿ.

ಚೆನ್ನೈನಲ್ಲಿರುವ ಕನ್ನಡಿಗ:
ನನ್ನ ಅಭಿಪ್ರಾಯ ಬೇರೆ. ಕ್ಯಾಂಪೇ ಬೇಡ. ಊರೊಳಗೆ ಗೆಸ್ಟ್‌ಹೌಸ್ ಹಿಡಿಯಿರಿ, ದಡದ ಉದ್ದಕ್ಕೂ ಪಾಠ ಹೇಳೋರು ಸಾಲಾಗಿ ಇದ್ದಾರೆ, ದಿನದ ಲೆಕ್ಕದಲ್ಲಿ ಕಲಿಯಬಹುದು. ಸುಸ್ತಾದ ದಿನ ದುಡ್ಡು ಕಳ್ಕೊಂಡ ಸಂಕಟ ಇರಲ್ಲ.

ಬೆಂಗಳೂರಿನಿಂದ:
ಎರಡನೇ ಸಲಕ್ಕೆ ಅದೇ ಸರಿ. ಮೊದಲ ಸಲ ಹೋಗೋ ತಾಯಿ-ಮಗಳಿಗೆ ನಾನು ಕ್ಯಾಂಪೇ ಅನ್ನೋದು. ಒಬ್ಬ ಶಿಕ್ಷಕನಿಗೆ ಎಷ್ಟು ಜನ ಅಂತ ಮಾತ್ರ ಕೇಳಿ. ನಾಲ್ಕು ದಾಟಿದ್ರೆ ಬೇರೆ ಕಡೆ ನೋಡಿ.

ಕೇಳಿದವರು, ಮೈಸೂರು:
ಎಲ್ಲರಿಗೂ ಥ್ಯಾಂಕ್ಸ್. ನಿಜ ಹೇಳ್ಬೇಕಂದ್ರೆ ನನ್ನ ಭಯ ಸೊಂಟದ್ದಲ್ಲ. ಸಮುದ್ರ ಒಳಗೆ ಎಳ್ಕೊಂಡುಬಿಟ್ರೆ?

ಮಂಗಳೂರಿನಿಂದ:
ಭಯ ಇರುವುದು ಒಳ್ಳೆಯದೇ ಅಕ್ಕ. ಎಳೆಯುವುದು ಅಲೆಯಲ್ಲ, ದಡಕ್ಕೆ ಬಂದ ನೀರು ವಾಪಸ್ ಹೋಗುವ ಸೆಳೆತ. ಎರಡು ಕಡೆ ಅಲೆ ಒಡೆಯುವಾಗ ನಡುವೆ ಒಂದು ಪಟ್ಟಿ ಸುಮ್ಮನೆ ಕಪ್ಪಾಗಿ ಕಂಡರೆ ಅದೇ ಇರಬಹುದು. ಹೊಸಬರು ಅಲ್ಲಿ ನೀರು ಶಾಂತ ಉಂಟು ಅಂತ ಅಲ್ಲಿಗೇ ಇಳಿಯುವುದು. ಸಿಕ್ಕಿಬಿದ್ದರೆ ಅದಕ್ಕೆ ಎದುರಾಗಿ ದಡದ ಕಡೆ ಈಜಬೇಡಿ, ದಡದ ಉದ್ದಕ್ಕೆ ಪಕ್ಕಕ್ಕೆ ಸರಿಯಿರಿ. ಬೋರ್ಡು ಬಿಡಲೇಬೇಡಿ, ಅದು ತೇಲ್ತದೆ, ಹೇಗೂ ಹಗ್ಗದಲ್ಲಿ ಕಾಲಿಗೆ ಕಟ್ಟಿರ್ತಾರೆ. ಅದರ ಮೇಲೆ ಮಲಗಿ ಕೈ ಎತ್ತಿ ಕರೆಯಿರಿ.

ನಿಜವಾಗಿ ಪೆಟ್ಟು ಬೀಳುವುದು ಬೋರ್ಡಿನಿಂದ. ಬರುವ ಅಲೆಗೂ ನಿಮಗೂ ನಡುವೆ ಅದನ್ನು ಅಡ್ಡ ಹಿಡಿಯಬೇಡಿ. ಬಿದ್ದರೆ ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡೇ ಮೇಲೆ ಬನ್ನಿ.

ಕೇಳಿದವರು, ಮೈಸೂರು:
ಕ್ಯಾಂಪಿನವರಿಗೆ ಬರೆದು ಕೇಳಿದೆ. ಮಧ್ಯಾಹ್ನದ ಊಟ ಸೇರಿಲ್ಲ, ಕಾರು ಸೇರಿಲ್ಲ, ಒಬ್ಬ ಶಿಕ್ಷಕನಿಗೆ ಮೂವರು, ಉಂಬಲಕಡ ಇಲ್ಲದೆ ಬೇರೆ ಪಾತ್ರೆಯಲ್ಲಿ ಮಾಡ್ತಾರಂತೆ. ಅಕ್ಟೋಬರ್ ಎರಡನೇ ವಾರ ಮೂಲ್ಕಿಗೆ ಹೊರಟಿದ್ದೀವಿ, ಮುಂಗಡ ಅದಾದ ಮೇಲೆ. ಮನೆಯವರು ದಡದಲ್ಲಿ ಚೇರ್ ಹಾಕ್ಕೊಂಡು ಕೂತ್ಕೋತಾರಂತೆ.

ಹುಬ್ಬಳ್ಳಿಯಿಂದ:
ಅವರ ಕೈಯಾಗ ಫೋನ್ ಕೊಟ್ಟು ನೀರಿಗಿಳೀರಿ. ನೀವು ಬೀಳೋದು ವಿಡಿಯೋ ಬೇಕಾಗತೈತಿ.