ಕಿಟಕಿಯಾಚೆ ಏನಿದೆಯೋ, ಆ ಪುಸ್ತಕ ಮೊದಲು

ಎಲ್ಲರಿಗೂ ನಮಸ್ಕಾರ. ತಮ್ಮ ಮಗಳಿಗೆ ಐದು ವರ್ಷ, ಮಗನಿಗೆ ಒಂಬತ್ತು, ಇಬ್ಬರಿಗೂ ಗಿಡ-ಮರ, ತೋಟ, ಕಾಡು ಇವುಗಳ ಮೇಲೆ ಆಸೆ ಹುಟ್ಟಿಸುವ ಪುಸ್ತಕ ಯಾವುದು ಅಂತ ನಮ್ಮ ಕನ್ನಡಿಗರ ಗುಂಪಿನಲ್ಲಿ ಒಬ್ಬರು ಕೇಳಿದ್ದರು. ಹತ್ತು ಹೆಸರು ಪಟ್ಟಿ ಮಾಡಿ ಕಳಿಸುವುದು ಸುಲಭ. ಆದರೆ ಇಂಗ್ಲೆಂಡಿನಲ್ಲಿ ಮಕ್ಕಳನ್ನು ಬೆಳೆಸುತ್ತಾ ನನಗೆ ಗಟ್ಟಿಯಾಗಿ ಅನ್ನಿಸಿರುವುದು ಬೇರೆ. ಯಾವ ಪುಸ್ತಕ ಅನ್ನುವುದಕ್ಕಿಂತ ಅದನ್ನು ಯಾವ ತಿಂಗಳಲ್ಲಿ ಓದುತ್ತೀರಿ ಅನ್ನುವುದು ಮುಖ್ಯ. ಹೊರಗೆ ನಡೆಯುತ್ತಿರುವುದೇ ಪುಸ್ತಕದಲ್ಲೂ ನಡೆಯುತ್ತಿದ್ದರೆ ಮಕ್ಕಳು ತಾವಾಗಿಯೇ ಬೂಟು ಹಾಕಿಕೊಂಡು ಬಾಗಿಲಿಗೆ ಬರುತ್ತಾರೆ.

ನಮ್ಮಲ್ಲಿ ತುಂಬಾ ಜನ ಊರಲ್ಲಿ ಪುಸ್ತಕವಿಲ್ಲದೆಯೇ ಇದನ್ನೆಲ್ಲ ಕಲಿತವರು. ಸಾಗರದ ಕಡೆಯ ನಮ್ಮ ಅಡಿಕೆ ತೋಟದಲ್ಲಿ ಯಾವ ಸೊಪ್ಪು ಕೊಯ್ಯಬಹುದು, ಯಾವ ಕಾಯಿ ಬಾಯಿಗೆ ಹಾಕಬಾರದು ಅಂತ ಅಜ್ಜಿಯ ಹಿಂದೆ ಸುತ್ತುತ್ತಲೇ ಗೊತ್ತಾಗುತ್ತಿತ್ತು. ಇಲ್ಲಿ ಮಕ್ಕಳಿಗೆ ಆ ಅಜ್ಜಿ ಇಲ್ಲ. ಓಕ್ ಯಾವುದು, ಬೀಚ್ ಯಾವುದು ಅಂತ ನಮಗೂ ಹುಟ್ಟಿನಿಂದ ಬಂದ ತಿಳಿವಳಿಕೆ ಇಲ್ಲ. ಅತ್ತ ಇಂಗ್ಲೆಂಡಿನ ಪಠ್ಯಕ್ರಮದಲ್ಲಿ ಇಯರ್ ಒನ್ ಮಕ್ಕಳು, ಅಂದರೆ ಐದಾರು ವರ್ಷದವರು, ಸುತ್ತಮುತ್ತಲಿನ ಗಿಡಮರಗಳ ಹೆಸರು ಹೇಳಬೇಕು. ಎಲೆ ಉದುರಿಸುವ ಮರ ಯಾವುದು, ವರ್ಷವಿಡೀ ಹಸಿರಾಗಿರುವ ಮರ ಯಾವುದು ಅಂತಲೂ ತಿಳಿದಿರಬೇಕು. ಆದ್ದರಿಂದ ಈ ಪುಸ್ತಕಗಳು ಅಪ್ಪ-ಅಮ್ಮಂದಿರಿಗೂ ಬೇಕು. ಮಗುವಿನ ಜೊತೆ ಕೂತು ಕಲಿಯುವುದರಲ್ಲಿ ಒಂದು ಸುಖವೂ ಇದೆ.

ಒಂಬತ್ತು ವರ್ಷದ ಹುಡುಗನಿಗೆ ನಾನು ಮೊದಲು ಹೇಳುವುದು 1911ರ 'ದಿ ಸೀಕ್ರೆಟ್ ಗಾರ್ಡನ್'. ಅದನ್ನು ಫೆಬ್ರವರಿ ಕೊನೆಗೆ ಶುರು ಮಾಡಿ. ಭಾರತದಲ್ಲಿ ಹುಟ್ಟಿದ ಮೇರಿ ಅನ್ನುವ ಇಂಗ್ಲಿಷ್ ಹುಡುಗಿ ಕಾಲರಾದಲ್ಲಿ ಅಪ್ಪ-ಅಮ್ಮನನ್ನು ಕಳೆದುಕೊಂಡು ಯಾರ್ಕ್‌ಷೈರಿನ ಒಂದು ದೊಡ್ಡ ಮನೆಗೆ ಬರುತ್ತಾಳೆ. ಅಲ್ಲಿ ಹತ್ತು ವರ್ಷದಿಂದ ಬೀಗ ಹಾಕಿದ ಒಂದು ತೋಟ. ಒಳಗೆ ಎಲ್ಲವೂ ಸತ್ತಂತೆ ಕಾಣುತ್ತದೆ. ಆದರೆ ನೆಲದಿಂದ ಸಣ್ಣ ಸಣ್ಣ ಹಸಿರು ಮೊನೆಗಳು ಮೇಲೆ ಬರುತ್ತಿರುತ್ತವೆ. ಅವಳು ಚೂಪಾದ ಮರದ ತುಂಡಿನಿಂದ ಸುತ್ತಲಿನ ಕಳೆ ಕಿತ್ತು ಅವಕ್ಕೆ ಜಾಗ ಮಾಡಿಕೊಡುತ್ತಾಳೆ. ಆ ಅಧ್ಯಾಯ ಓದಿದ ದಿನ ಮನೆ ಹತ್ತಿರದ ಯಾವ ಪಾರ್ಕಿಗೆ ಹೋದರೂ ಅದೇ ಮೊನೆಗಳು ಕಾಣುತ್ತವೆ. ಸ್ನೋಡ್ರಾಪ್ ಆಗಲೇ ಅರಳಿರುತ್ತದೆ, ಕ್ರೋಕಸ್ ಶುರುವಾಗಿರುತ್ತದೆ, ಡ್ಯಾಫೋಡಿಲ್ ಮೊಗ್ಗು ಹಿಡಿದಿರುತ್ತದೆ.

ಅದೇ ಪುಸ್ತಕದಲ್ಲಿ ಇನ್ನೊಂದು ಒಳ್ಳೆಯ ಪಾಠ ಇದೆ. ಡಿಕನ್ ಅನ್ನುವ ಹಳ್ಳಿ ಹುಡುಗ ಒಣಗಿದಂತೆ ಕಾಣುವ ಗುಲಾಬಿ ಗಿಡದ ರೆಂಬೆಯನ್ನು ಚಾಕುವಿನಿಂದ ಕತ್ತರಿಸಿ ಒಳಗಿನ ಹಸಿರನ್ನು ತೋರಿಸುತ್ತಾನೆ. ನೀವು ಚಾಕು ಹಿಡಿಯಬೇಕಾಗಿಲ್ಲ. ನಿಮ್ಮದೇ ಹಿತ್ತಲಿನ ಗುಲಾಬಿಯ ಒಂದು ಎಳೆ ರೆಂಬೆಯನ್ನು ಉಗುರಿನಿಂದ ಚೂರೇ ಚೂರು ಕೆರೆದು ನೋಡಿ. ಕೆಳಗೆ ಹಸಿರು, ತೇವ ಇದ್ದರೆ ಜೀವ ಇದೆ. ಕಂದು ಬಣ್ಣವಾಗಿ ಒಣಗಿದ್ದರೆ ಆ ರೆಂಬೆ ಸತ್ತಿದೆ. ಇದನ್ನು ಒಮ್ಮೆ ಮಾಡಿದ ಮಗು ಎಲೆಯಿಲ್ಲದ ಮರವನ್ನು ನೋಡಿ ಸತ್ತಿದೆ ಅಂತ ಇನ್ನು ಹೇಳುವುದಿಲ್ಲ.

ಈ ಪುಸ್ತಕದಲ್ಲಿ ಭಾರತೀಯರ ಬಗ್ಗೆ ಬಹಳ ಕೀಳಾದ ಮಾತುಗಳಿವೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮೇರಿ ತನ್ನ ಆಯಾಳ ಕೆನ್ನೆಗೆ ಹೊಡೆಯುತ್ತಿದ್ದಳು ಅಂತ ಬರುತ್ತದೆ. ಭಾರತದ ಜನ ಮನುಷ್ಯರೇ ಅಲ್ಲ ಅನ್ನುವ ಅರ್ಥದ ಮಾತನ್ನೂ ಆಡುತ್ತಾಳೆ. ನಮ್ಮ ಮಕ್ಕಳು ಅದನ್ನು ಒಬ್ಬರೇ ಕೂತು ಓದಬಾರದು ಅನ್ನುವುದು ನನ್ನ ಅಭಿಪ್ರಾಯ. ಪುಸ್ತಕವನ್ನೇ ಬಿಡಬೇಕು ಅಂತ ಅಲ್ಲ. ಜೊತೆಗೆ ಓದಿ, ಅಲ್ಲಿ ನಿಲ್ಲಿಸಿ, ಆ ಆಯಾಳಿಗೆ ಹೇಗನ್ನಿಸಿರಬಹುದು ಅಂತ ಕೇಳಿ. ಒಂಬತ್ತರ ಮಕ್ಕಳು ಇಂಥ ಪ್ರಶ್ನೆಗೆ ತುಂಬಾ ಸ್ಪಷ್ಟವಾಗಿ ಉತ್ತರ ಕೊಡುತ್ತಾರೆ. ಮುಂದೆ ಮೇರಿ ತನ್ನ ಸೋದರತ್ತೆಯ ಗಂಡನ ಹತ್ತಿರ ಒಂದು ತುಂಡು ನೆಲ ಕೇಳುತ್ತಾಳೆ. ಅದನ್ನು ಓದುವ ಹೊತ್ತಿಗೆ ಮನೆಯಲ್ಲಿ ಪ್ರತಿ ಮಗುವಿಗೂ ಸ್ವಂತದ್ದು ಅಂತ ಒಂದು ಕುಂಡವಾದರೂ ಕೊಡಿ. ಅದರಲ್ಲಿ ಏನು ಹಾಕಬೇಕು ಅನ್ನುವ ತೀರ್ಮಾನ ಮಗುವಿನದೇ ಆಗಿರಲಿ.

ಐದು ವರ್ಷದವಳಿಗೆ ಏಪ್ರಿಲ್‌ನಲ್ಲಿ ಎರಿಕ್ ಕಾರ್ಲ್ ಅವರ 'ದಿ ಟೈನಿ ಸೀಡ್'. 1970ರಲ್ಲಿ ಬಂದದ್ದು. ಗಾಳಿಯಲ್ಲಿ ಹಾರಿ ಬಂದ ಒಂದು ಪುಟ್ಟ ಬೀಜ ದೊಡ್ಡ ಹೂವಾಗುವ ಕಥೆ. ಓದಿದ ದಿನವೇ ಸೂರ್ಯಕಾಂತಿ ಬೀಜ ಕುಂಡಕ್ಕೆ ಹಾಕಿ, ಕಿಟಕಿ ಹತ್ತಿರ ಇಡಿ. ಹೊರಗೆ ಇಡುವ ಅವಸರ ಬೇಡ, ಮೇ ನಡುವಿನವರೆಗೂ ಇಲ್ಲಿ ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿಯ ರಾತ್ರಿಗಳಿರುತ್ತವೆ. ತಾಳ್ಮೆ ಕಡಿಮೆ ಇರುವ ಮಕ್ಕಳಿಗೆ ನಮ್ಮ ಮೆಂತ್ಯಕ್ಕಿಂತ ಒಳ್ಳೆಯದು ಇಲ್ಲ. ಅಡುಗೆಮನೆ ಡಬ್ಬಿಯಿಂದಲೇ ಒಂದು ಹಿಡಿ ತೆಗೆದು ರಾತ್ರಿ ನೆನೆಸಿ ಮಣ್ಣಿಗೆ ಹಾಕಿದರೆ ಕೆಲವೇ ದಿನಗಳಲ್ಲಿ ಮೊಳಕೆ, ತಿಂಗಳೊಳಗೆ ಸೊಪ್ಪು. ಅವರೆಕಾಯಿ ಹಾಕುವ ಆಸೆ ಎಲ್ಲರಿಗೂ ಬರುತ್ತದೆ, ನನಗೆ ಗೊತ್ತು. ಊರಿನ ಅವರೆ ಹಗಲು ಚಿಕ್ಕದಾದ ಮೇಲೆ ಹೂ ಬಿಡುವ ಗಿಡ. ಇಲ್ಲಿ ಅಷ್ಟು ಹೊತ್ತಿಗೆ ಚಳಿ ಬಂದುಬಿಡುತ್ತದೆ. ಮಕ್ಕಳ ಕೈಲಿ ಅದನ್ನು ಹಾಕಿಸಬೇಡಿ. ರನ್ನರ್ ಬೀನ್ಸ್ ಹಾಕಿಸಿ, ಬಳ್ಳಿ ಏರುವುದನ್ನು ನೋಡಬಹುದು, ಪಲ್ಯವನ್ನೂ ಮಾಡಬಹುದು.

ಕಾರ್ಲ್ ಅವರ 1969ರ 'ದಿ ವೆರಿ ಹಂಗ್ರಿ ಕ್ಯಾಟರ್‌ಪಿಲರ್' ಎಲ್ಲರ ಮನೆಯಲ್ಲೂ ಇರುತ್ತದೆ. ಸೋಮವಾರ ಒಂದು ಸೇಬು, ಮಂಗಳವಾರ ಎರಡು ಪೇರ್ ತಿನ್ನುವ ಆ ಹುಳದ ಪುಸ್ತಕವನ್ನು ಬೇಸಿಗೆಯಲ್ಲಿ ಮತ್ತೆ ಹೊರಗೆ ತೆಗೆಯಿರಿ. ಕೋಸಿನ ಎಲೆ ಅಥವಾ ನಸ್ಟರ್ಷಿಯಂ ಎಲೆ ತಿರುಗಿಸಿ ನೋಡಿದರೆ ಲಾರ್ಜ್ ವೈಟ್ ಚಿಟ್ಟೆಯ ಹಳದಿ ಮೊಟ್ಟೆಗಳು ಗುಂಪಾಗಿ ಸಿಗುತ್ತವೆ. ನಿಜವಾದ ಹುಳ ಕೇಕು ತಿನ್ನುವುದಿಲ್ಲ, ಎಲೆಯನ್ನೇ ತಿನ್ನುತ್ತದೆ ಅಂತ ಮಗು ತಾನೇ ಕಂಡುಕೊಳ್ಳಲಿ. ಪುಸ್ತಕದ ಹುಳಕ್ಕೂ ಹೊಟ್ಟೆನೋವು ವಾಸಿಯಾಗುವುದು ಒಂದು ಹಸಿರು ಎಲೆ ತಿಂದ ಮೇಲೇ. ದೊಡ್ಡ ಮಕ್ಕಳಿಗೆ ಇನ್ನೊಂದು ವಿಷಯ ಹೇಳಿ. ಪುಸ್ತಕದಲ್ಲಿ ಹುಳ ತನ್ನ ಸುತ್ತ ಗೂಡು ಕಟ್ಟುತ್ತದೆ. ರಾಮನಗರದ ಮಾರುಕಟ್ಟೆಗೆ ಬರುವ ರೇಷ್ಮೆ ಗೂಡಿನಂಥದ್ದನ್ನು ಕಟ್ಟುವುದು ಪತಂಗಗಳ ಹುಳಗಳು. ತೋಟದ ಈ ಚಿಟ್ಟೆಯ ಹುಳ ಗೋಡೆಗೋ ಬೇಲಿಗೋ ಅಂಟಿಕೊಂಡು ಬರೀ ಕೋಶವಾಗುತ್ತದೆ. ಬೇಲಿ ಹುಡುಕಿದರೆ ಸಿಗುತ್ತದೆ.

ಬೇಸಿಗೆ ರಜೆಗೆ ಊರಿಗೆ ಹೋದಾಗ ಇದನ್ನೇ ಮುಂದುವರಿಸಬಹುದು. ಕರಿಬೇವಿನ ಗಿಡದಲ್ಲಿ ಹಕ್ಕಿ ಹಿಕ್ಕೆಯಂತೆ ಕಾಣುವ ಪುಟ್ಟ ಹುಳ ಇದ್ದರೆ ಅದು ಕಾಮನ್ ಮಾರ್ಮನ್ ಅನ್ನುವ ಕಪ್ಪು ಚಿಟ್ಟೆಯದಾಗಿರಬಹುದು. ಅಜ್ಜಿ ಅದನ್ನು ಕಿತ್ತು ಎಸೆಯುವ ಮೊದಲು ಮೊಮ್ಮಕ್ಕಳಿಗೆ ಒಂದು ರೆಂಬೆ ಬಿಡಿ ಅಂತ ಕೇಳಿಕೊಳ್ಳಿ.

ಮೇ ತಿಂಗಳ ಕಾಡು ಅಂದರೆ ಬ್ಲೂಬೆಲ್. ನೆಲವೆಲ್ಲ ನೀಲಿ. ಇದಕ್ಕೆ ಕಥೆಪುಸ್ತಕಕ್ಕಿಂತ ಕಿಸೆಯಲ್ಲಿ ಹಿಡಿಯುವ ಕೈಪಿಡಿ ಒಳ್ಳೆಯದು. ಫೀಲ್ಡ್ ಸ್ಟಡೀಸ್ ಕೌನ್ಸಿಲ್‌ನವರ ಮಡಚುವ ಚಾರ್ಟುಗಳಿವೆ, ಮೇಲೆ ಪ್ಲಾಸ್ಟಿಕ್ ಪದರ ಇರುವುದರಿಂದ ಮಳೆಗೆ ಹಾಳಾಗುವುದಿಲ್ಲ. ಕಾಡಿನ ಹೂ, ಮರ, ಚಿಟ್ಟೆ ಹೀಗೆ ಬೇರೆ ಬೇರೆ. ಚಾರ್ಟನ್ನು ಮಗುವಿನ ಕೈಗೇ ಕೊಡಿ. ಬ್ಲೂಬೆಲ್ ನಡುವೆ ಕಾಲುದಾರಿ ಬಿಟ್ಟು ಇಳಿಯಬೇಡಿ, ತುಳಿದ ಎಲೆ ಚೇತರಿಸಿಕೊಳ್ಳುವುದು ಕಷ್ಟ. ಜಾಗದ ಒಡೆಯರ ಅನುಮತಿ ಇಲ್ಲದೆ ಕಾಡಿನ ಬ್ಲೂಬೆಲ್ ಗೆಡ್ಡೆ ಕೀಳುವುದು 1981ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಅಕ್ಟೋಬರ್ ನನ್ನ ಮೆಚ್ಚಿನ ತಿಂಗಳು. 1999ರ 'ದಿ ಗ್ರಫಲೋ' ಓದಲು ಇದೇ ಸರಿಯಾದ ಸಮಯ. ಕೊನೆಯಲ್ಲಿ ಇಲಿ ಒಂದು ಕಾಯಿ ತಿನ್ನುತ್ತದೆ ಅಲ್ವಾ? ಕಾಡಿಗೆ ಹೋಗಿ ಹೇಝಲ್ ಪೊದೆಗಳ ಕೆಳಗೆ ಯಾರು ಏನು ತಿಂದಿದ್ದಾರೆ ಅಂತ ಹುಡುಕಿ. ಕಾಯಿ ನೇರವಾಗಿ ಎರಡು ಹೋಳಾಗಿದ್ದರೆ ಅಳಿಲಿನ ಕೆಲಸ. ದುಂಡಗಿನ ತೂತಿದ್ದು, ಅಂಚಿನಲ್ಲಿ ಹಲ್ಲಿನ ಗುರುತಿದ್ದರೆ ಇಲಿಯದು. ಐದು ವರ್ಷದ ಮಕ್ಕಳು ಈ ಪತ್ತೇದಾರಿಯನ್ನು ಗಂಟೆಗಟ್ಟಲೆ ಮಾಡುತ್ತಾರೆ. ಬರುವಾಗ ಓಕ್ ಮರದ ಕಾಯಿಗಳನ್ನು ಜೇಬು ತುಂಬ ತನ್ನಿ. ನೀರಿಗೆ ಹಾಕಿ, ತೇಲುವುದನ್ನು ಬಿಟ್ಟು ಮುಳುಗಿದ್ದನ್ನು ಕುಂಡದಲ್ಲಿ ನೆಡಿ. ಮೇಲೆ ಒಂದು ಜಾಲರಿ ಮುಚ್ಚಿ, ಇಲ್ಲದಿದ್ದರೆ ಇಲಿ ತೆಗೆದುಕೊಂಡು ಹೋಗುತ್ತದೆ. ಮೊದಲು ಬೇರು ಬಿಡುತ್ತದೆ, ಚಿಗುರು ಕಾಣುವುದು ವಸಂತಕ್ಕೆ. ಕಾಡಿನಲ್ಲಿ ಈ ಕೆಲಸವನ್ನು ಜೇ ಹಕ್ಕಿ ಮಾಡುತ್ತದೆ. ಚಳಿಗಾಲಕ್ಕೆ ಅಂತ ಹೂತಿಟ್ಟ ಕಾಯಿಗಳಲ್ಲಿ ಉಳಿದದ್ದು ಮರವಾಗುತ್ತದೆ.

ಆಟಕ್ಕೆ ಆರಿಸುವ ಕಾಂಕರ್, ಅಂದರೆ ಹಾರ್ಸ್ ಚೆಸ್ಟ್‌ನಟ್ ಮರದ ಬೀಜ, ತಿನ್ನುವ ಚೆಸ್ಟ್‌ನಟ್ ಅಲ್ಲ, ಅದು ವಿಷ. ಕಾಂಕರ್ ಸಿಪ್ಪೆಯ ಮೇಲೆ ಅಲ್ಲೊಂದು ಇಲ್ಲೊಂದು ದಪ್ಪ ಮುಳ್ಳು. ಸ್ವೀಟ್ ಚೆಸ್ಟ್‌ನಟ್ ಸಿಪ್ಪೆಯ ತುಂಬ ಒತ್ತಾದ ಸೂಜಿ ಮುಳ್ಳು. ಅಣಬೆ ನೋಡಬಹುದು, ಚಿತ್ರ ಬರೆಯಬಹುದು, ತರಬಾರದು. ಪೀಟರ್ ಮೊಲದ ಕಥೆ ಬರೆದ ಬಿಯಾಟ್ರಿಕ್ಸ್ ಪಾಟರ್ ಅದಕ್ಕೂ ಮೊದಲು ಅಣಬೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬಣ್ಣದಲ್ಲಿ ಬರೆದವರು ಅಂತ ಹೇಳಿದರೆ ಚಿತ್ರ ಬರೆಯುವ ಮಕ್ಕಳಿಗೆ ಹುಮ್ಮಸ್ಸು ಬರುತ್ತದೆ. ಫಾಕ್ಸ್‌ಗ್ಲವ್, ಯೂ ಮರ, ಲಿಲಿ ಆಫ್ ದಿ ವ್ಯಾಲಿ ಈ ಮೂರನ್ನಾದರೂ ನೀವು ಮೊದಲೇ ಗುರುತು ಹಿಡಿಯಲು ಕಲಿತಿರಬೇಕು, ಮೂರೂ ವಿಷ. ಬೆಚ್ಚಗಿನ ತಿಂಗಳುಗಳಲ್ಲಿ ಕಾಡಿನಿಂದ ಬಂದ ಮೇಲೆ ಮಕ್ಕಳ ಮೈಮೇಲೆ ಉಣ್ಣೆ ಹುಳ (ಟಿಕ್) ಕಚ್ಚಿಕೊಂಡಿದೆಯೇ ಅಂತ ನೋಡುವುದನ್ನೂ ಮರೆಯಬೇಡಿ, ಇಲ್ಲಿ ಅದರಿಂದ ಲೈಮ್ ಕಾಯಿಲೆ ಬರಬಹುದು.

ಚಳಿಗಾಲದಲ್ಲಿ ಏನೂ ಇಲ್ಲ ಅಂತ ಹೇಳುವವರಿದ್ದಾರೆ. ಎಲೆ ಇಲ್ಲದಾಗ ಮರ ಗುರುತಿಸುವುದು ಇನ್ನೂ ಸುಲಭ ಅಂತ ನನ್ನ ಅನುಭವ. ಆ್ಯಶ್ ಮರದ ಮೊಗ್ಗು ಕಪ್ಪು, ಬೇರೆ ಯಾವುದರ ಜೊತೆಗೂ ಗೊಂದಲ ಆಗುವುದಿಲ್ಲ. ಕಾಂಕರ್ ಮರದ ಮೊಗ್ಗು ದೊಡ್ಡದು, ಕೈಗೆ ಅಂಟುತ್ತದೆ. ಮಾರ್ಚ್‌ನಲ್ಲಿ ಕೆಳಗೆ ಬಿದ್ದ ಹೊಸ ರೆಂಬೆ ಸಿಕ್ಕಿದರೆ ನೀರಿನ ಲೋಟದಲ್ಲಿ ನಿಲ್ಲಿಸಿ, ಎಲೆ ಬಿಚ್ಚುವುದನ್ನು ಮನೆಯೊಳಗೇ ನೋಡಬಹುದು. ಜನವರಿ ಕೊನೆಯ ವಾರಾಂತ್ಯದಲ್ಲಿ ಆರ್‌ಎಸ್‌ಪಿಬಿ ಅನ್ನುವ ಹಕ್ಕಿ ಸಂರಕ್ಷಣೆಯ ಸಂಸ್ಥೆಯ ಹಕ್ಕಿ ಎಣಿಕೆ ಇರುತ್ತದೆ, 1979ರಿಂದ ನಡೆಯುತ್ತಿದೆ. ಒಂದು ಗಂಟೆ ಕಿಟಕಿ ಹತ್ತಿರ ಕೂತು ಎಣಿಸಿದರೆ ಸಾಕು. ಹಕ್ಕಿ ಪುಸ್ತಕಗಳನ್ನು ಲೈಬ್ರರಿಯಿಂದ ಆ ವಾರಕ್ಕೆ ತಂದಿಡಿ.

ಲೈಬ್ರರಿ ಬಗ್ಗೆ ಒಂದು ಮಾತು. ಇವ್ಯಾವುದನ್ನೂ ಕೊಳ್ಳಲೇಬೇಕು ಅಂತಿಲ್ಲ. ಮಕ್ಕಳಿಗೆ ಕಾರ್ಡು ಉಚಿತ, ಬೇರೆ ಶಾಖೆಯಲ್ಲಿರುವ ಪುಸ್ತಕವನ್ನೂ ಕೇಳಿ ತರಿಸಿಕೊಳ್ಳಬಹುದು. ಹಣ ಕೊಡುವುದಾದರೆ ಚಾರ್ಟುಗಳಿಗೆ ಮತ್ತು ಒಂದು ಒಳ್ಳೆಯ ಭೂತಗನ್ನಡಿಗೆ ಕೊಡಿ.

ಕನ್ನಡದಲ್ಲಿ ಏನಿದೆ ಅಂತಲೂ ಕೇಳಿದ್ದರು. ಚಿಕ್ಕವರಿಗೆ ಬೆಂಗಳೂರಿನ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಚಿತ್ರಪುಸ್ತಕಗಳು ಉಚಿತವಾಗಿ ಓದಲು ಸಿಗುತ್ತವೆ, ಗಿಡ-ಪ್ರಾಣಿಗಳ ಕಥೆಗಳೂ ಇವೆ. ಅಕ್ಷರ ಬಾರದ ಮಕ್ಕಳಿಗೆ ನೀವೇ ಓದಿ ಹೇಳಿ, ಚಿತ್ರ ಅವರು ನೋಡಲಿ. ದೊಡ್ಡ ಮಕ್ಕಳಿಗೆ ಮತ್ತು ನಿಮಗೆ ಬಿ.ಜಿ.ಎಲ್. ಸ್ವಾಮಿ ಅವರ 'ಹಸುರು ಹೊನ್ನು'. ಸಸ್ಯಶಾಸ್ತ್ರದ ಮೇಷ್ಟ್ರು ವಿದ್ಯಾರ್ಥಿಗಳನ್ನು ಪಶ್ಚಿಮಘಟ್ಟಕ್ಕೆ ಕರೆದುಕೊಂಡು ಹೋಗಿ ಗಿಡ ತೋರಿಸುವ ಪುಸ್ತಕ, 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ಒಂದೊಂದು ಗಿಡದ ಪ್ರಸಂಗವನ್ನು ರಾತ್ರಿ ಊಟದ ಹೊತ್ತಿಗೆ ಬಾಯಲ್ಲಿ ಹೇಳಿದರೆ ನಗುತ್ತಾ ಕೇಳುತ್ತಾರೆ. ಲಂಡನ್ನಿನ ಕ್ಯೂ ಗಾರ್ಡನ್ಸ್‌ನ ಗಾಜಿನ ಮನೆ ನೋಡಿದ ಮಕ್ಕಳನ್ನು ಬೆಂಗಳೂರಿಗೆ ಹೋದಾಗ ಲಾಲ್‌ಬಾಗಿಗೂ ಕರೆದೊಯ್ಯಿರಿ. ಲಾಲ್‌ಬಾಗನ್ನು ಹಿಂದೆ ನೋಡಿಕೊಳ್ಳುತ್ತಿದ್ದ ಜಾನ್ ಕ್ಯಾಮರನ್, ಕೃಂಬಿಗಲ್ ಇಬ್ಬರೂ ಮೊದಲು ಕ್ಯೂನಲ್ಲಿ ಕೆಲಸ ಮಾಡಿದವರು. ಎರಡೂ ಊರಿನ ಗಾಜಿನ ಮನೆಗಳನ್ನು ಮಕ್ಕಳೇ ಹೋಲಿಸಿ ನೋಡಲಿ.

ನಮ್ಮ ಮನೆಯಲ್ಲಿ ಮಕ್ಕಳು ಓದಿ ಮುಗಿಸಿದ ಪುಸ್ತಕಗಳು ಒಂದು ಪೆಟ್ಟಿಗೆಯಷ್ಟಿವೆ. ಯುಗಾದಿ ಕಾರ್ಯಕ್ರಮಕ್ಕೆ ತರುತ್ತೇನೆ. ನಿಮ್ಮಲ್ಲೂ ಇದ್ದರೆ ತನ್ನಿ, ಊಟದ ಹಾಲ್ ಪಕ್ಕ ಒಂದು ಮೇಜು ಹಾಕೋಣ. ತಿಂಗಳ ಪ್ರಕಾರ ಜೋಡಿಸಿ ಇಡೋಣ, ಮಾರ್ಚ್, ಏಪ್ರಿಲ್‌ನವು ಮುಂದೆ. ಮೆಂತ್ಯ, ಕೊತ್ತಂಬರಿ, ದಂಟಿನ ಬೀಜ ಇದ್ದವರು ಸಣ್ಣ ಪೊಟ್ಟಣಗಳನ್ನೂ ಕಟ್ಟಿ ತನ್ನಿ. ಸ್ಕಾಟ್ಲೆಂಡಿನಿಂದ ಬರುವವರು ನಾನು ಹೇಳಿದ ತಿಂಗಳುಗಳಿಗೆ ಎರಡು ಮೂರು ವಾರ ಸೇರಿಸಿಕೊಳ್ಳಿ, ಅಲ್ಲಿ ಎಲ್ಲವೂ ಸ್ವಲ್ಪ ತಡ.