ಊರಿಂದ ಬಂದ ಅಪ್ಪ-ಅಮ್ಮನಿಗೆ ಇಂಗ್ಲಿಷ್: ಎಲ್ಲಿಂದ ಶುರು ಮಾಡಬೇಕು?

ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಸೂಪರ್ ವೀಸಾದಲ್ಲಿ (ಅಪ್ಪ-ಅಮ್ಮ, ಅಜ್ಜ-ಅಜ್ಜಿಯರು ಬಂದು ಹೆಚ್ಚು ಕಾಲ ಇರಲು ಕೊಡುವ ವಿಸಿಟರ್ ವೀಸಾ) ಕೆನಡಾಕ್ಕೆ ಬಂದಿರುವ ಹಿರಿಯರಿಗೆ ಇಂಗ್ಲಿಷ್ ಕಲಿಸುವುದು ಹೇಗೆ ಅಂತ ಕೇಳಿದ್ದೀರಿ. ಸರ್ಕಾರದ ದುಡ್ಡಿನಲ್ಲಿ ನಡೆಯುವ ಲಿಂಕ್ (LINC) ಅನ್ನುವ ಇಂಗ್ಲಿಷ್ ತರಗತಿ ಪರ್ಮನೆಂಟ್ ರೆಸಿಡೆಂಟ್ (ಪಿಆರ್, ಅಂದರೆ ಕಾಯಂ ವಾಸದ ಹಕ್ಕು ಪಡೆದವರು) ಆದವರಿಗೆ, ಸೂಪರ್ ವೀಸಾದವರಿಗೆ ಸಿಗುವುದಿಲ್ಲ. ಲೈಬ್ರರಿಗಳಲ್ಲಿ ನಡೆಯುವ ಕಾನ್ವರ್ಸೇಶನ್ ಸರ್ಕಲ್‌ಗೆ (ಗುಂಪಾಗಿ ಕೂತು ಇಂಗ್ಲಿಷ್ ಮಾತಾಡಿ ಅಭ್ಯಾಸ ಮಾಡುವ ಕೂಟ) ವಿಸಿಟರ್‌ಗಳನ್ನು ಸೇರಿಸಿಕೊಳ್ಳುತ್ತಾರಾ ಅಂತ ಫೋನ್ ಮಾಡಿ ಕೇಳಿ. ಮಿಕ್ಕಿದ್ದು ಮನೆಯಲ್ಲೇ ಆಗಬೇಕು.

ವ್ಯಾಕರಣದ ಪುಸ್ತಕ ಪಕ್ಕಕ್ಕಿಡಿ. ಭಾನುವಾರ ಮೂರು ಗಂಟೆ ಕೂರಿಸುವುದಕ್ಕಿಂತ ದಿನಾ 20 ನಿಮಿಷ ಮೇಲು. ವಾರಕ್ಕೆ ಒಂದೇ ಸನ್ನಿವೇಶ ಸಾಕು: ಬಸ್ಸು, ಫಾರ್ಮಸಿ, ಡಾಕ್ಟರ್ ಆಫೀಸಿನ ರಿಸೆಪ್ಶನ್, ಮೊಮ್ಮಗಳನ್ನು ಸ್ಕೂಲಿಂದ ಕರೆತರುವುದು. ಸ್ಕೂಲಿನದನ್ನೇ ತೆಗೆದುಕೊಳ್ಳೋಣ. ಮೊದಲ ದಿನ ಅವರು ಮಾತಾಡಬೇಕಿಲ್ಲ. ನೀವು ಆಫೀಸಿನವರಾಗಿ ‘ಹೂ ಆರ್ ಯೂ ಪಿಕಿಂಗ್ ಅಪ್?’, ‘ವಿಚ್ ಗ್ರೇಡ್?’, ‘ಡೂ ಯೂ ಹ್ಯಾವ್ ಐಡಿ?’ ಅಂತ ಕೇಳಿ. ಅವರು ಮಗುವಿನ ಫೋಟೋ, ಗ್ರೇಡ್ ಬರೆದ ಚೀಟಿ, ಪಾಸ್‌ಪೋರ್ಟ್ ಇವುಗಳಲ್ಲಿ ಸರಿಯಾದದ್ದನ್ನು ಮುಟ್ಟಿ ತೋರಿಸಿದರೆ ಸಾಕು. ಎರಡನೇ ದಿನ ಬಾಯಲ್ಲಿ ಉತ್ತರ. ಮೂರನೇ ದಿನ ಅದೇ ಪ್ರಶ್ನೆಯ ರೂಪ ಬದಲಿಸಿ: ‘ಹೂ ಆರ್ ಯೂ ಹಿಯರ್ ಫಾರ್?’ ಬಹಳಷ್ಟು ಮನೆಪಾಠ ಕೆಡುವುದು ಇಲ್ಲೇ. ಉತ್ತರ ಬಾಯಿಪಾಠ ಆಗಿರುತ್ತದೆ, ಪ್ರಶ್ನೆ ಒಂದು ಪದ ಆಚೀಚೆ ಆದರೂ ಕೈಕಾಲು ಬಿಡುತ್ತಾರೆ. ನಾಲ್ಕನೇ ದಿನ ಪಕ್ಕದ ಕೋಣೆಯಿಂದ ಫೋನಿನಲ್ಲಿ ಕೇಳಿ. ಮುಖ, ಕೈಸನ್ನೆ ಕಾಣದಿದ್ದಾಗ ಎಷ್ಟು ಅರ್ಥವಾಗುತ್ತದೆ ಅನ್ನುವುದೇ ಅಸಲಿ ಪರೀಕ್ಷೆ. ಆಮೇಲೆ ಜೊತೆಗೆ ಹೋಗಿ, ಎರಡು ಹೆಜ್ಜೆ ಹಿಂದೆ ನಿಲ್ಲಿ, ಬಾಯಿ ಹಾಕಬೇಡಿ.

ಹೊಸ ಪದ ದಿನಕ್ಕೆ ಆರೋ ಎಂಟೋ, ಅದಕ್ಕಿಂತ ಹೆಚ್ಚು ಬೇಡ. ಮಾರನೇ ದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು ಮತ್ತೆ ಕೇಳಿ. ‘ಸಾರಿ, ಸ್ಲೋಲಿ ಪ್ಲೀಸ್’, ‘ಕ್ಯಾನ್ ಯೂ ರೈಟ್ ಇಟ್ ಡೌನ್?’ ಈ ಎರಡು ಮಾತು ಮಾತ್ರ ಮೊದಲ ವಾರದಲ್ಲೇ ನಾಲಿಗೆ ಮೇಲೆ ಇರಬೇಕು.

ಉಚ್ಚಾರಣೆ ಎಲ್ಲವನ್ನೂ ತಿದ್ದಲು ಹೋಗಬೇಡಿ. ನಮ್ಮ ಟ, ಡ, ಥ ಇಲ್ಲಿಯವರಿಗೆ ಸಾಮಾನ್ಯವಾಗಿ ಅರ್ಥವಾಗುತ್ತವೆ. ತೊಡಕು ಬೇರೆ ಕಡೆ. ಪದದ ಕೊನೆಗೆ ಉ ಅಂಟಿಕೊಳ್ಳುತ್ತದೆ (ಮಿಲ್ಕು, ಬೆಡ್ಡು), ಎಗ್ ಹೋಗಿ ಯೆಗ್ ಆಗುತ್ತದೆ, ಓನ್ಲಿ ಹೋಗಿ ವೋನ್ಲಿ ಆಗುತ್ತದೆ. ಎಲ್ಲಕ್ಕಿಂತ ದುಬಾರಿ ಬೀಳುವುದು ಅಂಕಿಗಳು. ಥರ್ಟಿ, ಥರ್ಟೀನ್ ಎರಡನ್ನೂ ಸಮವಾಗಿ ಎಳೆದರೆ ಅಪಾಯಿಂಟ್‌ಮೆಂಟ್ ತಪ್ಪುತ್ತದೆ. ಥರ್ಟಿಯಲ್ಲಿ ಒತ್ತು ಮೊದಲಿಗೆ, ಥರ್ಟೀನ್‌ನಲ್ಲಿ ಕೊನೆಗೆ. ಆಮೇಲೂ ‘ಒನ್ ತ್ರೀ?’ ಅಂತ ಬಿಡಿಸಿ ಕೇಳಿ ಖಾತ್ರಿ ಮಾಡಿಕೊಳ್ಳುವುದು ರೂಢಿಯಾಗಲಿ. ಫೋನ್ ನಂಬರಿನಲ್ಲಿ ‘ಡಬಲ್ ಫೈವ್’ ಬೇಡ, ‘ಫೈವ್ ಫೈವ್’ ಅನ್ನಲಿ.

ಡಾಕ್ಟರ ಹತ್ತಿರ ಇನ್ನೊಂದು ತೊಡಕು ಇದೆ. ‘ನೋ ಅಲರ್ಜೀಸ್?’ ಅಂದಾಗ ‘ಹೌದು, ಇಲ್ಲ’ ಅನ್ನುವ ನಮ್ಮ ಅಭ್ಯಾಸದಲ್ಲಿ ‘ಯೆಸ್’ ಅಂದುಬಿಡುತ್ತಾರೆ; ಕೇಳಿದವರಿಗೆ ಅಲರ್ಜಿ ಇದೆ ಅಂತಲೂ ಅನ್ನಿಸಬಹುದು. ಯೆಸ್-ನೋ ಬಿಡಿಸಿ, ‘ಐ ಹ್ಯಾವ್ ನೋ ಅಲರ್ಜೀಸ್’ ಅಂತ ಪೂರ್ತಿ ವಾಕ್ಯ ಹೇಳಿಸಿ. ಹಾಗೆಯೇ ಯಜಮಾನರನ್ನು ‘ಅವರು’ ಅಂದು ಅಂದು ಇಂಗ್ಲಿಷಿನಲ್ಲೂ ‘ದೇ’ ಬರುತ್ತದೆ. ತುರ್ತು ಸಹಾಯದ ನಂಬರ್ 911ಕ್ಕೆ ಫೋನ್ ಮಾಡಿ ‘ದೇ ಫೆಲ್ ಡೌನ್’ ಅಂದರೆ ಎಷ್ಟು ಜನ ಬಿದ್ದರು ಅನ್ನುವ ಗೊಂದಲ. ‘ಮೈ ಹಸ್ಬೆಂಡ್’ ಅಂತಲೇ ಶುರು ಮಾಡಿಸಿ, ಮನೆ ವಿಳಾಸದ ಸಮೇತ.

*

ಮೇಲಿನ ಉತ್ತರಕ್ಕೆ ಸೇರಿಸುವುದು: ಎಬಿಸಿಡಿ ಗೊತ್ತಿಲ್ಲದವರಿಗೆ ಅಂಗಡಿಯಲ್ಲಿ ಸಿಗುವ ಮಕ್ಕಳ ಪುಸ್ತಕ ಕೊಡಬೇಡಿ, ಅವಮಾನ ಅನ್ನಿಸುತ್ತದೆ. ಬೆಳಿಗ್ಗೆ ಮಾಡಿದ್ದನ್ನು ಅವರೇ ಹೇಳಲಿ. ಅವರ ಮಾತನ್ನೇ ಮೂರು-ನಾಲ್ಕು ಚಿಕ್ಕ ಸಾಲಾಗಿ ದೊಡ್ಡದಾಗಿ ಬರೆಯಿರಿ: ‘ಐ ಮೇಡ್ ಉಪ್ಪಿಟ್ಟು. ವಿ ವೆಂಟ್ ಟು ದಿ ಪಾರ್ಕ್.’ ಅರ್ಥ ಮೊದಲೇ ಗೊತ್ತಿರುವುದರಿಂದ ಕಣ್ಣಿಗೆ ಅಕ್ಷರದ ಕೆಲಸ ಮಾತ್ರ ಉಳಿಯುತ್ತದೆ. ಹಾಳೆಯನ್ನು ಪದಪದವಾಗಿ ಕತ್ತರಿಸಿ ಮತ್ತೆ ಜೋಡಿಸಲು ಕೊಡಿ. ಇಂಗ್ಲಿಷನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವುದು ಮೊದಲೆರಡು ವಾರಕ್ಕೆ ಸರಿ. ಆಮೇಲೂ ಬಿಡದಿದ್ದರೆ ಕಣ್ಣು ಕನ್ನಡದ ಮೇಲೇ ಇರುತ್ತದೆ, ಇಂಗ್ಲಿಷ್ ಅಕ್ಷರ ಕೂರುವುದೇ ಇಲ್ಲ. ಹೆಸರು, ವಿಳಾಸ, ಹುಟ್ಟಿದ ದಿನ ಮಾತ್ರ ಕ್ಯಾಪಿಟಲ್ ಅಕ್ಷರದಲ್ಲಿ ಬರೆಯಲು ಮೊದಲೇ ಕಲಿಸಿ, ಫಾರಂ ತುಂಬಲು ಬೇಕು. ಇನಿಶಿಯಲ್ ಇರುವ ಹೆಸರಾದರೆ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಅಂತ ಏನಿದೆಯೋ ಅದನ್ನೇ ಬರೆಸಿ.

*

ಮೊಮ್ಮಕ್ಕಳ ಕೈಗೆ ಪಾಠ ಕೊಡಬೇಡಿ ಅನ್ನುವುದು ನನ್ನ ಅಭಿಪ್ರಾಯ. ಏಳು ವರ್ಷದ ಮಗು ನಕ್ಕು ತಿದ್ದಿದರೆ ಅಜ್ಜ ಅವತ್ತೇ ಬಾಯಿ ಮುಚ್ಚುತ್ತಾರೆ. ಇನ್ನೊಂದು, ಅಜ್ಜಿ ಮಗುವಿನ ಜೊತೆ ಇಂಗ್ಲಿಷ್ ಅಭ್ಯಾಸ ಮಾಡಲು ಹೊರಟರೆ ಮಗುವಿಗೆ ಸಿಗುತ್ತಿದ್ದ ಕನ್ನಡ ಹೋಯಿತು. ಇಂಗ್ಲಿಷ್ ನಿಮ್ಮ ಜೊತೆ, ಕನ್ನಡ ಮೊಮ್ಮಗುವಿನ ಜೊತೆ, ಇದನ್ನು ಗಟ್ಟಿಯಾಗಿ ಹಿಡಿಯಿರಿ. ಆಸ್ಪತ್ರೆಯಲ್ಲಂತೂ ಮಕ್ಕಳನ್ನು ದುಭಾಷಿ ಮಾಡಬೇಡಿ. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕನ್ನಡ ದುಭಾಷಿ ಸಿಗುತ್ತಾರಾ ಅಂತ ಕೇಳಿಡಿ. ಆಸ್ಟ್ರೇಲಿಯಾದಲ್ಲಿರುವವರು ಅಲ್ಲಿನ ಸರ್ಕಾರದ ದುಭಾಷಿ ಸೇವೆ ಟಿಐಎಸ್ ನ್ಯಾಷನಲ್‌ನ 131 450ಕ್ಕೆ ಫೋನ್ ಮಾಡಬಹುದು.

ಮುಂದೆ ಪಿಆರ್ ಆಗಿ ಪೌರತ್ವಕ್ಕೆ ಹೋಗುವ ಯೋಚನೆ ಇದ್ದವರಿಗೆ: ಕೆನಡಾದಲ್ಲಿ ಭಾಷೆಯ ಪುರಾವೆ ಕೇಳುವುದು 18ರಿಂದ 54 ವರ್ಷದವರಿಗೆ ಮಾತ್ರ, ಅದೂ ಕೇಳುವುದು ಮತ್ತು ಮಾತಾಡುವುದರಲ್ಲಿ ಸಿಎಲ್‌ಬಿ (ಇಂಗ್ಲಿಷ್ ಎಷ್ಟು ಬರುತ್ತದೆ ಅಂತ ಅಳೆಯುವ ಕೆನಡಾದ ಮಟ್ಟಗಳು) 4ನೇ ಮಟ್ಟ. ಅರವತ್ತರ ಅಮ್ಮನಿಗೆ ಪರೀಕ್ಷೆಯ ಹೆದರಿಕೆ ಹಾಕಿ ಕಲಿಸಬೇಕಾದ ಅಗತ್ಯವೇ ಇಲ್ಲ.